ತಮ್ಮ ಬಲ್ಕ್ ಕ್ಯಾರಿಯರ್ ಹಡಗಿಗೆ ಹೋಗ್ತಿದಾನೆ, ಹಡಗು ಮಧ್ಯಕ್ಕೆ ಮುರಿಯೋದು ನಿಜಾನಾ? ತಿಳಿದೋರು ಹೇಳಿ

ಮಂಡ್ಯದ ಅಕ್ಕ

ಎಲ್ರಿಗೂ ನಮಸ್ಕಾರ. ನಾನು ಮಂಡ್ಯದಲ್ಲಿ ಪಿಯು ಕಾಲೇಜಲ್ಲಿ ಮ್ಯಾಥ್ಸ್ ಹೇಳ್ಕೊಡ್ತೀನಿ, ಊರು ಮದ್ದೂರು ಹತ್ರ. ನಮ್ಮನೇಲಿ ಕಬ್ಬು ಭತ್ತ ಬಿಟ್ರೆ ಬೇರೆ ಕಸುಬು ಗೊತ್ತಿಲ್ಲ, ಅಪ್ಪ ಸಮುದ್ರ ನೋಡಿದ್ದೇ ಧರ್ಮಸ್ಥಳಕ್ಕೆ ಹೋದಾಗ ಹಂಗೇ ಮಂಗಳೂರು ಸುತ್ಕೊಂಡು ಬಂದಿದ್ರಲ್ಲ ಆವಾಗ ಒಂದ್ಸಲ. ಈಗ ತಮ್ಮ ನಾಟಿಕಲ್ ಸೈನ್ಸ್ ಮುಗಿಸ್ಕೊಂಡು ಡೆಕ್ ಕೆಡೆಟ್ ಆಗಿ, ಅಂದ್ರೆ ಹಡಗಲ್ಲಿ ಕೆಲಸ ಕಲಿಯೋ ಟ್ರೇನಿ ಆಗಿ ಸೇರ್ತಿದಾನೆ. ಬಲ್ಕ್ ಕ್ಯಾರಿಯರ್ ಅಂತೆ, ಅದಿರು ಕಲ್ಲಿದ್ದಲು ಸಾಗ್ಸೋದು. ಮುಂದಿನ ತಿಂಗಳು ಹತ್ತಬೇಕು.

2025ರ ಮೇ 25ಕ್ಕೆ ಕೊಚ್ಚಿ ಹತ್ರ ಎಂಎಸ್‌ಸಿ ಎಲ್ಸಾ 3 ಅನ್ನೋ ಹಡಗು ಮುಳುಗಿದ್ದು ಟಿವಿಲಿ ಬಂತಲ್ಲ, ಅದನ್ನ ಅಮ್ಮ ನೋಡಿದ್ದೇ ನೋಡಿದ್ದು, ಆವತ್ತಿಂದ ಅವರಿಗೆ ನಿದ್ದೆ ಇಲ್ಲ. 24 ಜನಾನೂ ಉಳ್ಕೊಂಡ್ರು ಅಂದ್ರೂ ಕೇಳಲ್ಲ, "ನಮ್ ಹೈದನ ಹಡಗೂ ಹಿಂಗೇ ಮಕಾಡೆ ಮಲಿಕಬುಟ್ರೆ ಏನ್ ಮಾಡದು ಮಗಾ" ಅಂತಾರೆ. ಸಮಾಧಾನ ಹೇಳೋಣ ಅಂತ ನಾನು ಓದೋಕೆ ಕೂತೆ, ಓದಿದ ಮೇಲೆ ನಂಗೇ ಜಾಸ್ತಿ ಭಯ ಆಯ್ತು, ಯಾಕಂದ್ರೆ ದೊಡ್ಡ ದೊಡ್ಡ ಹಡಗುಗಳು ಸೌತೆಕಾಯಿ ಮುರಿದಂಗೆ ಎರಡು ತುಂಡಾಗಿರೋ ಫೋಟೋ ನೋಡ್ದೆ. ಕಬ್ಬಿಣದ್ದು ಹಂಗೆ ಮುರಿಯುತ್ತಾ? ಅಲೆ ಅಷ್ಟು ಜೋರಾಗಿರುತ್ತಾ? ಡಿಸೈನ್ ಮಾಡೋರು ಇದನ್ನೆಲ್ಲ ಲೆಕ್ಕ ಹಾಕಿರಲ್ವಾ?

ಬರೀ ಧೈರ್ಯ ಹೇಳೋದು ಬೇಡ, ನಿಜ ಹೇಳಿ. ತಮ್ಮ ಏನು ಗಮನಿಸಬೇಕು ಅನ್ನೋದು ಗೊತ್ತಾದ್ರೆ ಅವನಿಗೂ ಒಳ್ಳೇದು.

ಪಟ್ಟಣದ ಹುಡುಗ

ಅಕ್ಕ, ನಾನು ಶ್ರೀರಂಗಪಟ್ಟಣದೋನು, ಹಡಗಿನ ಸ್ಟ್ರಕ್ಚರ್ ಮೇಲೇ ಎಂಟೆಕ್ ಮಾಡ್ತಿದೀನಿ. ನೀವು ಮ್ಯಾಥ್ಸ್‌ನೋರು ಅಂದ್ರೆ ಬೀಮ್ ಅಂತ ಹೇಳಿದ್ರೆ ಸಾಕು, ಹಡಗು ಅಂದ್ರೆ ಒಳಗೆ ಟೊಳ್ಳಾಗಿರೋ ಒಂದು ಉದ್ದನೆ ಬೀಮು. ಕೆಳಗಿಂದ ನೀರು ಎತ್ತುತ್ತೆ, ಮೇಲಿಂದ ಲೋಡು ಒತ್ತುತ್ತೆ, ಒಟ್ಟು ಲೆಕ್ಕದಲ್ಲಿ ಎರಡೂ ಸಮ, ಆದ್ರೆ ಉದ್ದಕ್ಕೂ ಒಂದೊಂದು ಜಾಗದಲ್ಲೂ ಸಮ ಇರಲ್ಲ, ಆ ವ್ಯತ್ಯಾಸಾನೇ ಹಡಗನ್ನ ಬಗ್ಗಿಸೋದು.

ಅಲೆ ತುದಿ ಹಡಗಿನ ನಡುವಿಗೆ ಬಂದಾಗ ನಡು ಎತ್ಕೊಂಡು ಎರಡೂ ಕೊನೆ ಜೋತು ಬೀಳುತ್ತೆ, ಥೇಟ್ ಹೆಗಲ ಮೇಲೆ ಅಡ್ಡೆ ಹೊತ್ತಾಗ ಬಿದಿರು ಬಗ್ಗುತ್ತಲ್ಲ ಹಂಗೆ. ಇದಕ್ಕೆ ಹಾಗಿಂಗ್ ಅಂತಾರೆ. ಎರಡು ಅಲೆ ಎರಡು ಕೊನೇಲಿ ಇದ್ದು ನಡುವೆ ಹಳ್ಳ ಇದ್ರೆ ಉಲ್ಟಾ, ಕಾಲುವೆ ಮೇಲೆ ಏಣಿ ಹಾಕ್ಕೊಂಡು ದಾಟುವಾಗ ನಡುವೆ ಬಂದ್ರೆ ಜಗ್ಗುತ್ತಲ್ಲ ಹಂಗೆ, ಅದು ಸ್ಯಾಗಿಂಗ್. ಅಲೆಯ ಉದ್ದ ಹೆಚ್ಚುಕಮ್ಮಿ ಹಡಗಿನ ಉದ್ದದಷ್ಟೇ ಇದ್ದಾಗ ಇದು ಅತಿ ಜಾಸ್ತಿ. ಕೆಲವು ಸೆಕೆಂಡಿಗೊಂದ್ಸಲ ಹಿಂಗೆ ಹಂಗೆ ಬಗ್ಗುತ್ತಾನೇ ಇರುತ್ತೆ, ಇಪ್ಪತ್ತೈದು ವರ್ಷ.

ನೀವು ನೋಡಿರೋ ಫೋಟೋ ಬಹುಶಃ ಎಂಒಎಲ್ ಕಂಫರ್ಟ್ ಇರಬೇಕು. 2013ರ ಜೂನ್ 17, ಸಿಂಗಪುರದಿಂದ ಜೆಡ್ಡಾಗೆ ಹೋಗ್ತಿತ್ತು, 316 ಮೀಟರ್ ಉದ್ದದ ಕಂಟೇನರ್ ಹಡಗು, ಕಟ್ಟಿ ಐದೇ ವರ್ಷ ಆಗಿದ್ದು. ಮುಂಗಾರಿನ ಅರಬ್ಬಿ ಸಮುದ್ರದಲ್ಲಿ ನಡುವಿಗೆ ಬಿರುಕು ಬಿಟ್ಟು ಎರಡಾಯ್ತು. 26 ಜನಾನೂ ಬದುಕಿದ್ರು. ಎರಡು ತುಂಡೂ ತೇಲ್ತಾನೇ ಇದ್ವು, ಹಿಂದಿನದು ಜೂನ್ 27ಕ್ಕೆ ಮುಳುಗ್ತು, ಮುಂದಿನದಕ್ಕೆ ಬೆಂಕಿ ಬಿದ್ದು ಜುಲೈ 11ಕ್ಕೆ ಮುಳುಗ್ತು. ಕಂಟೇನರ್ ಹಡಗಿನ ಎರಡೂ ಕೊನೆ ಚೂಪು, ಅಲ್ಲಿ ನೀರು ಎತ್ತೋದು ಕಮ್ಮಿ, ಆದ್ರೆ ಪೆಟ್ಟಿಗೆ ಅಲ್ಲೂ ಜೋಡಿಸ್ತಾರೆ, ಅದಕ್ಕೆ ಅದು ಯಾವಾಗ್ಲೂ ಅಡ್ಡೆ ಹೊತ್ತಂಗೇ ಇರುತ್ತೆ. ಮೇಲಿನ ಡೆಕ್ ಎಳೆಸಿಕೊಳ್ತಿರುತ್ತೆ, ತಳ ಒತ್ತಿಸಿಕೊಳ್ತಿರುತ್ತೆ. ಒತ್ತಡ ಮಿತಿ ದಾಟಿದ್ರೆ ತಳದ ತಗಡು ಹರಿಯಲ್ಲ, ಸುಕ್ಕು ಬೀಳುತ್ತೆ, ಒಂದು ಕಡೆ ಸುಕ್ಕು ಬಿದ್ರೆ ಆ ಭಾರ ಪಕ್ಕದ ತಗಡಿಗೆ ಹೋಗುತ್ತೆ, ಆಮೇಲೆ ಅದೂ. ಅದಾದ್ಮೇಲೆ ಕಂಟೇನರ್ ಹಡಗುಗಳ ರೂಲ್ಸೇ 2015ರಲ್ಲಿ ಬದಲಾಯ್ತು. ನಾವು ಲ್ಯಾಬಲ್ಲಿ ಕೂತು ದಿನಾ ನೋಡೋದು ಇದೇ ಸುಕ್ಕು, ಒಂದು ಪ್ಯಾನೆಲ್ ಎಷ್ಟು ಒತ್ತಿದ್ರೆ ಸೋಲುತ್ತೆ, ತುಕ್ಕು ಹಿಡಿದು ಎರಡು ಮಿಲಿಮೀಟರ್ ಸವೆದ ಮೇಲೆ ಎಷ್ಟಕ್ಕೆ ಸೋಲುತ್ತೆ.

ಡಿಸೈನ್ ಮಾಡೋರು ಲೆಕ್ಕ ಹಾಕಿರಲ್ವಾ ಅಂದ್ರಲ್ಲ, ಹಾಕಿರ್ತಾರೆ ಅಕ್ಕ. ದೊಡ್ಡ ಬಲ್ಕ್ ಕ್ಯಾರಿಯರ್‌ಗಳಿಗೆ ಈಗಿನ ರೂಲ್ಸ್ ಪ್ರಕಾರ ಉತ್ತರ ಅಟ್ಲಾಂಟಿಕ್‌ನಂಥ ಕೆಟ್ಟ ಸಮುದ್ರದಲ್ಲೇ 25 ವರ್ಷ ಓಡುತ್ತೆ ಅಂತ ಇಟ್ಕೊಂಡು, ತುಕ್ಕಿಗೆ ಅಂತಾನೇ ಎಕ್ಸ್‌ಟ್ರಾ ದಪ್ಪ ಕೊಟ್ಟು ಲೆಕ್ಕ ಮಾಡ್ತಾರೆ.

ಹಳೇ ಚೀಫ್ ಆಫೀಸರ್

ನಾನು ಕುವೆಂಪುನಗರದಲ್ಲಿದೀನಮ್ಮ, ಬಲ್ಕ್ ಕ್ಯಾರಿಯರ್‌ಗಳಲ್ಲೇ ಜಾಸ್ತಿ ಕೆಲಸ ಮಾಡಿ ಚೀಫ್ ಆಫೀಸರ್ ಆಗಿ ರಿಟೈರ್ ಆದೆ. ಪಟ್ಟಣದ ಹುಡುಗ ಚೆನ್ನಾಗಿ ಹೇಳಿದಾನೆ, ಆದ್ರೆ ಅಲೆ ಅಲೆ ಅಂತ ಕೂತ್ರೆ ನಿಮ್ಮ ತಮ್ಮನ ಹಡಗಿಗೆ ಬೇಕಾದ ವಿಷಯ ಬಿಟ್ಟು ಹೋಗುತ್ತೆ. 1994ರಲ್ಲಿ ಬ್ರೆಜಿಲ್‌ನ ಪೊಂಟಾ ಡ ಮದೀರಾ ಬಂದರಲ್ಲಿ ಟ್ರೇಡ್ ಡೇರಿಂಗ್ ಅನ್ನೋ ಹಡಗು ದಕ್ಕೆಗೆ ಕಟ್ಟಿದ್ದಾಗ್ಲೇ, ಅದಿರು ತುಂಬ್ತಿದ್ದಾಗ್ಲೇ ಬೆನ್ನು ಮುರ್ಕೊಳ್ತು. ಅಲ್ಲಿ ಯಾವ ಬಿರುಗಾಳೀನೂ ಇರಲಿಲ್ಲ.

ಕಬ್ಬಿಣದ ಅದಿರು ಅಷ್ಟು ಭಾರ, ಹೋಲ್ಡ್, ಅಂದ್ರೆ ಹಡಗಿನೊಳಗೆ ಸರಕು ತುಂಬೋ ಕೋಣೆ, ಪೂರ್ತಿ ತುಂಬೋಕೆ ಆಗಲ್ಲ, ತಳದಲ್ಲಿ ಗುಡ್ಡೆ ಹಾಕಿದಂಗೆ ಕೂರುತ್ತೆ ಅಷ್ಟೇ. ದೊಡ್ಡ ಹಡಗಲ್ಲಿ ಒಂದು ಹೋಲ್ಡ್ ಬಿಟ್ಟು ಒಂದು ತುಂಬೋದೂ ಉಂಟು. ಲೋಡರ್ ಗಂಟೆಗೆ ಸಾವಿರಾರು ಟನ್ ಸುರೀತಿರುತ್ತೆ, ಅದೇ ಹೊತ್ತಿಗೆ ನಾವು ಬ್ಯಾಲಾಸ್ಟ್ ನೀರನ್ನ, ಅಂದ್ರೆ ಖಾಲಿ ಹಡಗಿಗೆ ಭಾರಕ್ಕೆ ಅಂತ ತುಂಬಿರೋ ನೀರನ್ನ, ಹೊರಗೆ ಪಂಪ್ ಮಾಡ್ತಿರಬೇಕು, ಎರಡಕ್ಕೂ ತಾಳ ತಪ್ಪಿದ್ರೆ ಬಗ್ಗೋದು ಮಿತಿ ದಾಟುತ್ತೆ. ಅದಕ್ಕೇ ಪ್ರತಿ ಹಂತಕ್ಕೂ ಮೊದಲು ಲೋಡಿಂಗ್ ಕಂಪ್ಯೂಟರಲ್ಲಿ ಹಾಕಿ ನೋಡ್ತೀವಿ, ಯಾವ ಹೋಲ್ಡಿಗೆ ಎಷ್ಟು, ಯಾವ ಕ್ರಮದಲ್ಲಿ ಅಂತ ಬಂದರಿನವರ ಜೊತೆ ಬರೆದು ಸಹಿ ಹಾಕ್ಕೊಂಡಿರ್ತೀವಿ. ಬಂದರಿನವರು ಬೇಗ ಮುಗಿಸಿ ಅಂತ ಒತ್ತಾಯ ಮಾಡ್ತಾರೆ, ಆವಾಗ ನಿಲ್ಸಿ ಅನ್ನೋ ಗಟ್ಟಿತನ ಚೀಫ್ ಆಫೀಸರ್‌ಗೆ ಇರಬೇಕು. ಹಡಗಿನ ಬಲ ಕಾರ್ಖಾನೇಲಿ ಅರ್ಧ, ಇನ್ನರ್ಧ ಲೋಡ್ ಮಾಡೋರ ಕೈಲಿ.

ಅದಕ್ಕಿಂತ ಜಾಸ್ತಿ ಜನರನ್ನ ನುಂಗಿರೋದು ಒದ್ದೆ ಸರಕು. ನಮ್ಮ ಮಂಗಳೂರಿಂದಾನೇ 2009ರ ಜುಲೈಯಲ್ಲಿ ಅದಿರಿನ ಪುಡಿ ತುಂಬ್ಕೊಂಡು ಹೊರಟ ಏಷ್ಯನ್ ಫಾರೆಸ್ಟ್ ವಾಲಿಕೊಂಡು ಮುಳುಗ್ತು, ಪುಣ್ಯ, ಕೋಸ್ಟ್ ಗಾರ್ಡ್‌ನವರು ಸಿಬ್ಬಂದೀನ ಉಳಿಸಿದ್ರು. 2015ರ ಜನವರಿ 2ಕ್ಕೆ ವಿಯೆಟ್ನಾಂ ಹತ್ರ ಬಲ್ಕ್ ಜುಪಿಟರ್, ಮಲೇಷ್ಯಾದ ಬಾಕ್ಸೈಟ್ ತುಂಬಿದ್ದು, 19 ಜನದಲ್ಲಿ ಒಬ್ಬರೇ ಉಳಿದದ್ದು. ಪುಡಿ ನೋಡೋಕೆ ಒಣಗಿದಂಗೇ ಇರುತ್ತಮ್ಮ. ಒಳಗೆ ನೀರು ಕೂತಿರುತ್ತೆ, ಹಡಗು ನಡುಗಿ ನಡುಗಿ ಪುಡಿ ಒತ್ತಾಗ್ತಾ ಹೋದಂಗೆ ಆ ನೀರಿಗೆ ಜಾಗ ಸಾಲದೆ ಇಡೀ ರಾಶಿ ಅಂಬಲಿ ಆಗ್ಬಿಡುತ್ತೆ. ಹಡಗು ಎಡಕ್ಕೆ ವಾಲಿದ್ರೆ ಅಂಬಲೀನೂ ಎಡಕ್ಕೆ ಹರಿಯುತ್ತೆ, ವಾಪಸ್ ಬರಲ್ಲ.

ಸೈಟ್ ಇಂಜಿನಿಯರ್, ವಿಜಯನಗರ

ಸರ್ ಹೇಳಿದ್ದು ಕಾಂಕ್ರೀಟ್ ಹಾಕಿರೋ ಯಾರಿಗಾದ್ರೂ ತಕ್ಷಣ ಅರ್ಥ ಆಗುತ್ತೆ. ಗಟ್ಟಿ ಗುಡ್ಡೆ ಥರ ನಿಂತಿರೋ ಕಾಂಕ್ರೀಟಿಗೆ ವೈಬ್ರೇಟರ್ ಬಿಟ್ಟ ತಕ್ಷಣ ನೀರಿನಂಗೆ ಹರಿಯುತ್ತಲ್ಲ. ಸಂಗಮದಲ್ಲಿ ನೀರಂಚಿನ ಮರಳ ಮೇಲೆ ನಿಂತು ಕಾಲು ಕುಣಿಸಿದ್ರೂ ಅಷ್ಟೇ, ಗಟ್ಟಿ ನೆಲ ಇದ್ದದ್ದು ಕುಲುಕಾಡಿ ಕಾಲು ಒಳಗೆ ಹೋಗುತ್ತೆ. ಸಾವಿರಾರು ಟನ್ ಇದನ್ನ ಹೊಟ್ಟೇಲಿಟ್ಕೊಂಡು ಸಮುದ್ರಕ್ಕೆ ಹೋಗೋದು ನೆನೆಸ್ಕೊಂಡ್ರೆ ಎದೆ ಝಲ್ ಅನ್ನುತ್ತೆ.

ಮಂಡ್ಯದ ಅಕ್ಕ

ಸರ್, ತಮ್ಮ ನಾನು ಇಬ್ರೂ ಕೂತು ಓದಿದ್ವಿ. ಅವನಿಗೆ ಇದರ ಹೆಸರು ಗೊತ್ತಂತೆ, ಲಿಕ್ವಿಫ್ಯಾಕ್ಷನ್ ಅಂತ ಪರೀಕ್ಷೇಲಿ ಬರೆದಿದ್ನಂತೆ, ಆದ್ರೆ ಅಂಬಲಿ ಆಗುತ್ತೆ ಅಂದ್ಮೇಲೆ ಮುಖ ಸಪ್ಪಗಾಯ್ತು. ಕೆಡೆಟ್ ಅಂದ್ರೆ ಎಲ್ರಿಗಿಂತ ಚಿಕ್ಕೋನು, ಅವನ ಮಾತು ಯಾರು ಕೇಳ್ತಾರೆ? ಅವನು ನೋಡಿ ಹೇಳೋ ಅಂಥದ್ದು ಏನಾದ್ರೂ ಇದ್ಯಾ?

ಹಳೇ ಚೀಫ್ ಆಫೀಸರ್

ಕೆಡೆಟ್ ಕಣ್ಣು ಬಹಳ ಉಪಯೋಗಕ್ಕೆ ಬರುತ್ತಮ್ಮ, ಹೋಲ್ಡ್ ಹತ್ರ ಜಾಸ್ತಿ ಹೊತ್ತು ನಿಲ್ಲೋನೇ ಅವನು. ಹಡಗಲ್ಲಿ ಅದಿರಿನಂಥ ಸರಕು ಸಾಗ್ಸೋದಕ್ಕೆ ಐಎಂಎಸ್‌ಬಿಸಿ ಕೋಡ್ ಅನ್ನೋ ಅಂತಾರಾಷ್ಟ್ರೀಯ ನಿಯಮ 2011ರಿಂದ ಕಡ್ಡಾಯ ಇದೆ, ಇಂಥ ಸರಕಿನ ತೇವ ಇಷ್ಟಕ್ಕಿಂತ ಕಮ್ಮಿ ಇರಬೇಕು ಅಂತ ಟಿಎಂಎಲ್ ಅನ್ನೋ ಮಿತಿ. ತೇವದ ಟೆಸ್ಟ್ ಲೋಡಿಂಗ್‌ಗೆ ಮೊದಲಿನ ಏಳು ದಿನದೊಳಗೆ ಆಗಿರಬೇಕು, ಆಮೇಲೆ ಮಳೆ ಬಂದ್ರೆ ಆ ಕಾಗದ ನಂಬೋ ಹಾಗಿಲ್ಲ, ತಿರುಗಾ ಟೆಸ್ಟ್ ಮಾಡಿಸಬೇಕು. ಯಾರ್ಡಲ್ಲಿ ರಾಶಿ ಮುಚ್ಚಿದಾರಾ ಬಿಟ್ಟಿದಾರಾ, ಲಾರಿ ಕೆಳಗಿಂದ ನೀರು ತೊಟ್ಟಿಕ್ತಿದ್ಯಾ, ಹೋಲ್ಡಲ್ಲಿ ಬಿದ್ದ ಅದಿರು ಕೆಸರಿನಂಗೆ ಚಿಮ್ಮಿ ಗೋಡೆಗೆ ಮೆತ್ತಿಕೊಳ್ತಿದ್ಯಾ, ಇದೆಲ್ಲ ಕಣ್ಣಲ್ಲೇ ಗೊತ್ತಾಗುತ್ತೆ.

ಡಬ್ಬಿ ಟೆಸ್ಟ್ ಕಲೀಲಿ. ಡಬ್ಬಿಗೆ ಅರ್ಧ ಸ್ಯಾಂಪಲ್ ತುಂಬ್ಕೊಂಡು ಒಂದು ಗೇಣು ಎತ್ತರದಿಂದ ಗಟ್ಟಿ ನೆಲಕ್ಕೆ ಕುಟ್ಟಬೇಕು, ಒಂದೆರಡು ಸೆಕೆಂಡಿಗೊಂದು, ಇಪ್ಪತ್ತೈದಕ್ಕೆ ಕಮ್ಮಿ ಇಲ್ಲದಂಗೆ. ಮೇಲೆ ನೀರು ಜಿನುಗಿದ್ರೆ ಅಥವಾ ಅಂಬಲಿ ಥರ ಆದ್ರೆ ಲೋಡಿಂಗ್ ನಿಲ್ಲಿಸಿ ಲ್ಯಾಬ್ ಟೆಸ್ಟ್ ಕೇಳಬೇಕು. ನೀರು ಬರ್ಲಿಲ್ಲ ಅಂದ ಮಾತ್ರಕ್ಕೆ ಸೇಫ್ ಅಂತಲ್ಲ, ಇದನ್ನ ಮರೀಬಾರ್ದು. ನಾನು ಥರ್ಡ್ ಆಫೀಸರ್ ಆಗಿದ್ದಾಗ ಒಂದು ಬಂದರಲ್ಲಿ ಸರ್ಟಿಫಿಕೇಟ್ ಚೆನ್ನಾಗೇ ಇತ್ತು, ಡಬ್ಬಿ ಕುಟ್ಟಿದ ಕೆಡೆಟ್ ಓಡಿ ಬಂದು ತೋರಿಸ್ದ, ಮೇಲೆ ಹೊಳೆಯೋ ನೀರು. ಕ್ಯಾಪ್ಟನ್ ಆ ಸರಕು ಬೇಡ ಅಂದ್ರು, ಐದು ದಿನ ಜಗಳ ಆಯ್ತು, ಅವರು ಜಗ್ಗಲಿಲ್ಲ. ಆ ಕೆಡೆಟ್ ಹದಿನೆಂಟು ಹತ್ತೊಂಬತ್ತು ವರ್ಷದ ಹುಡುಗ.

ಸಮುದ್ರದಲ್ಲಿ ಇನ್ನೊಂದು ಗುರುತು. ಅದಿರು ತುಂಬಿದ ಹಡಗು ಅಲೆಗೆ ಪಟ್ ಪಟ್ ಅಂತ ಬೇಗ ವಾಲಿ ಬೇಗ ಎದ್ದೇಳುತ್ತೆ, ನಿದ್ದೆ ಮಾಡೋಕೆ ಬಿಡಲ್ಲ. ಒಂದಿನ ಅದು ನಿಧಾನ ಆಗಿ ತೊಟ್ಟಿಲಿನಂಗೆ ಹಾಯಾಗಿ ತೂಗ್ತಿದೆ ಅನ್ಸಿದ್ರೆ ಒಳಗೆ ಸರಕು ಅಂಬಲಿ ಆಗ್ತಿರಬಹುದು, ಸುಮ್ನೆ ಮಲಗಬಾರದು, ಹೋಗಿ ಹೇಳಬೇಕು.

ಪಟ್ಟಣದ ಹುಡುಗ

ಸರ್, ಅಲೆ ಬಗ್ಗೆ ನೀವಂದಿದ್ದು ಒಪ್ದೆ, ತಿದ್ದಿದ್ದಕ್ಕೆ ಥ್ಯಾಂಕ್ಸ್. ಹ್ಯಾಚ್ ಕವರ್, ಅಂದ್ರೆ ಹೋಲ್ಡಿನ ಬಾಯಿಗೆ ಹಾಕೋ ಮುಚ್ಚಳ, ಅದರ ಬಗ್ಗೆನೂ ಅಕ್ಕಂಗೆ ಹೇಳ್ಬೇಕು. 1980ರ ಸೆಪ್ಟೆಂಬರಲ್ಲಿ ಡರ್ಬಿಶೈರ್ ಅನ್ನೋ ಬ್ರಿಟಿಷ್ ಹಡಗು ಜಪಾನ್ ಕಡೆ ಚಂಡಮಾರುತಕ್ಕೆ ಸಿಕ್ಕಿ 44 ಜನರ ಸಮೇತ ಮುಳುಗ್ತು, ಕಾಪಾಡಿ ಅನ್ನೋ ಒಂದು ಮೇಡೇ ಕರೆ ಕೂಡ ಬರಲಿಲ್ಲ. ಸತ್ತೋರ ಮನೆಯವರು ವರ್ಷಗಟ್ಟಲೆ ಬಿಡದೆ ಹೋರಾಡಿದ್ರು, 1994ರಲ್ಲಿ ಸಮುದ್ರದ ತಳದಲ್ಲಿ ಹಡಗು ಸಿಕ್ತು. ಮುಂದಿನ ವೆಂಟಿಲೇಟರ್ ಮೂಲಕ ನೀರು ನುಗ್ಗಿ ಮೂತಿ ತಗ್ಗಿ, ಆಮೇಲೆ ಅಲೆ ಬಿದ್ದ ಭಾರಕ್ಕೆ ಮುಂದಿನ ಹ್ಯಾಚ್ ಕವರ್ ಕುಸಿದಿತ್ತು ಅಂತ ಆಮೇಲೆ ಗೊತ್ತಾಯ್ತು. ಈಗಿನ ಬಲ್ಕ್ ಕ್ಯಾರಿಯರ್‌ಗಳ ಹ್ಯಾಚ್ ಕವರ್ ಗಟ್ಟಿಯಾಗಿದ್ರೆ, ಹೋಲ್ಡಿಗೆ ನೀರು ಬಂದ್ರೆ ಹಡಗು ನಡೆಸೋ ಕೋಣೆ ಬ್ರಿಡ್ಜಲ್ಲಿ ಅಲಾರಂ ಹೊಡೀತಿದ್ರೆ, ಅದರ ಹಿಂದೆ ಆ ಮನೆಯವರ ಹಟ ಇದೆ. ಹಡಗಲ್ಲಿ ಹ್ಯಾಚ್ ರಬ್ಬರು, ವೆಂಟಿಲೇಟರ್ ಮುಚ್ಚಳ ಚೆಕ್ ಮಾಡು ಅಂದ್ರೆ ತಮ್ಮಂಗೆ ಬೇಜಾರಿನ ಕೆಲಸ ಅನ್ನಿಸಬಾರದು.

ಹಳೇ ಚೀಫ್ ಆಫೀಸರ್

ಇನ್ನೊಂದು ಮಾತು ಹೇಳದೆ ಇದ್ರೆ ನಂಗೆ ಸಮಾಧಾನ ಆಗಲ್ಲ. ಮುಳುಗೋ ಭಯ ಎಲ್ರಿಗೂ ಇರುತ್ತೆ, ಆದ್ರೆ ಹೊಸ ಹುಡುಗರು ಜೀವ ಕಳ್ಕೊಳ್ಳೋದು ಹಡಗು ಶಾಂತವಾಗಿ ನಿಂತಿದ್ದಾಗ, ಮುಚ್ಚಿದ ಹೋಲ್ಡಿಗೋ ಟ್ಯಾಂಕಿಗೋ ಏಣಿ ಇಳಿದು. ಕಲ್ಲಿದ್ದಲು, ಮರದ ದಿಮ್ಮಿ, ಕೆಲವು ಅದಿರು, ಖಾಲಿ ಟ್ಯಾಂಕಿನ ತುಕ್ಕು ಕೂಡ ಒಳಗಿನ ಆಮ್ಲಜನಕ ತಿಂದ್ಬಿಡುತ್ತೆ. ವಾಸನೆ ಇಲ್ಲ, ಉಸಿರು ಕಟ್ಟಿದಂಗೂ ಆಗಲ್ಲ, ಎರಡು ಉಸಿರಿಗೆ ಬಿದ್ದೋಗ್ತಾರೆ, ಬಿದ್ದೋನನ್ನ ಎತ್ತೋಕೆ ಇನ್ನೊಬ್ಬ ಇಳೀತಾನೆ, ಅವನೂ. ನಮ್ಮ ಕಡೆ ರಾಗಿ ಹಗೇವು, ಅಂದ್ರೆ ನೆಲದೊಳಗಿನ ಕಣಜ, ತೆಗೆಯುವಾಗ ಆಗ್ತಿತ್ತಲ್ಲ, ಅದೇ. ಗಾಳಿ ಆಡಿಸಿ, ಮೀಟರಲ್ಲಿ ಆಮ್ಲಜನಕ ಶೇಕಡಾ 20.9 ಇದೆ ಅಂತ ನೋಡಿ, ಒಳಗೆ ಇಳಿಯೋ ಪರ್ಮಿಟ್ ಕೈಗೆ ಬಂದ ಮೇಲೇ ಇಳೀಬೇಕು. ಯಾರೇ ಇಳಿ ಅಂದ್ರೂ, ನಾನೇ ಅಂದ್ರೂ, ಮೀಟರ್ ಇಲ್ದೆ ಇಳೀಬಾರ್ದು.

ಮಂಡ್ಯದ ಅಕ್ಕ

ಸರ್, ಹಗೇವಿನ ಮಾತು ಅಮ್ಮಂಗೆ ಓದಿ ಹೇಳ್ದೆ. ಹಡಗು ಬಗ್ಗೋದು, ಅಲೆ, ಏನೂ ಅವರಿಗೆ ಹತ್ತಿರಲಿಲ್ಲ, ಇದನ್ನ ಕೇಳಿ ಎದ್ದು ಕೂತ್ರು. ಅವರ ತವರಲ್ಲಿ ನಮ್ಮಜ್ಜ ಹಗೇವಿನ ಬಾಯಿ ತೆಗೆದು ಒಂದಿನ ಹಂಗೇ ಬಿಟ್ಟು, ಮಾರನೇ ದಿನ ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಸಿ, ಉರೀತಾ ಇದ್ರೆ ಮಾತ್ರ ಆಳು ಇಳಿಸ್ತಿದ್ರಂತೆ. ರಾತ್ರಿ ತಮ್ಮನ್ನ ಪಕ್ಕ ಕೂರಿಸ್ಕೊಂಡು ಅಮ್ಮಾನೇ ಪಾಠ ಮಾಡಿದ್ರು, "ದೀಪ ಆರೋಯ್ತು ಅಂದ್ರೆ ಇಳೀಬ್ಯಾಡ ಕಣ್ಲಾ, ದೊಡ್ಡೋರು ಬೈದ್ರೆ ಬೈಸ್ಕೋ" ಅಂತ. ಅವನು ಮೀಟರ್ ಅಂದ್ರೆ ಏನು ಅಂತ ಫೋನಲ್ಲಿ ತೋರಿಸ್ದ. ಡಬ್ಬಿ ಟೆಸ್ಟ್ ಇವತ್ತು ಬೆಳಿಗ್ಗೆ ಹಿತ್ತಲಲ್ಲಿ ಒದ್ದೆ ಮರಳಲ್ಲಿ ಮಾಡಿ ನೋಡ್ದ, ಇಪ್ಪತ್ತು ಕುಟ್ಟೋಷ್ಟರಲ್ಲಿ ನೀರು ಮೇಲೆ ಬಂತು ಸರ್.