ನುಡಿ ಫೈಲುಗಳ ರಾಶಿ ಇಟ್ಟುಕೊಂಡು ಲಿನಕ್ಸಿಗೆ ಹೋಗಬಹುದಾ?

ಕೋರ್ಟ್ ಪಕ್ಕದ ಟೈಪಿಸ್ಟ್, ಮಂಡ್ಯ

ಎಲ್ಲರಿಗೂ ನಮಸ್ಕಾರ. ಮಂಡ್ಯದಲ್ಲಿ ಕೋರ್ಟ್ ಹತ್ತಿರ ನಂದೊಂದು ಸಣ್ಣ ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ. ಬಾಡಿಗೆ ಕರಾರು, ಭೋಗ್ಯ ಪತ್ರ, ವಂಶವೃಕ್ಷದ ಅಫಿಡವಿಟ್, ಪಹಣಿ ಪ್ರಿಂಟು, ಇಷ್ಟೇ ಕೆಲಸ. ಎರಡು ಕಂಪ್ಯೂಟರ್ ಇವೆ, ಎರಡೂ ಹಳೇವು, 4 ಜಿಬಿ ರ‍್ಯಾಮ್, ವಿಂಡೋಸ್ 10. ಅದರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 11 ಹಾಕೋಣ ಅಂದರೆ ಈ ಪ್ರೊಸೆಸರ್‌ಗೆ ಆಗುವುದಿಲ್ಲ ಅಂತ ತೋರಿಸುತ್ತದೆ. ಈ ವರ್ಷ ಮಗಳ ಕಾಲೇಜ್ ಫೀಸು ಕಟ್ಟಿದ್ದೇನೆ, ಹೊಸ ಮಷೀನ್ ಮಾತೇ ಇಲ್ಲ. ಆಫೀಸ್ ಸಾಫ್ಟ್‌ವೇರ್ ಯಾರೋ ಹಾಕಿಕೊಟ್ಟಿದ್ದು, ಅದರ ಲೈಸೆನ್ಸ್ ವಿಷಯ ಕೇಳಬೇಡಿ.

ಭಾಮೈದ ಬಂದಾಗಲೆಲ್ಲ "ಲಿನಕ್ಸ್ ಮಿಂಟ್ ಹಾಕಿಬಿಡಿ ಭಾವ" ಅನ್ನುತ್ತಾನೆ. ವಿಂಡೋಸ್ ಬದಲು ಹಾಕುವ ಉಚಿತ ಆಪರೇಟಿಂಗ್ ಸಿಸ್ಟಮ್ ಅಂತೆ ಅದು. ಅವನಿಗೇನು, ಹಾಕಿಕೊಟ್ಟು ಬೆಂಗಳೂರಿಗೆ ಹೋಗುತ್ತಾನೆ. ನನ್ನ 12 ವರ್ಷದ ಫೈಲುಗಳೆಲ್ಲ ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿವೆ, ಹಳೇ ನುಡಿ, ಯೂನಿಕೋಡ್ (ಯಾವ ಕಂಪ್ಯೂಟರ್, ಫೋನಿನಲ್ಲೂ ಕನ್ನಡವಾಗೇ ಕಾಣುವ ಪದ್ಧತಿ) ಅಲ್ಲ. ಅವು ತೆರೆಯುತ್ತವಾ? ಕೀಬೋರ್ಡ್ ನೋಡದೆ ಬೆರಳು ಓಡುವುದು ಕಗಪ ಅನ್ನುವ ಕೀಲಿ ಲೇಔಟಿನಲ್ಲಿ ಮಾತ್ರ, ಅದು ಸಿಗುತ್ತದಾ? ಪ್ರಿಂಟರ್ ಕಥೆ ಏನು? ಹಾಕಿ ನೋಡಿದವರು ಹೇಳಿ, ವಿಡಿಯೋ ನೋಡಿದವರು ಬೇಡ.

ಸರಸ್ವತಿಪುರಂ ಹುಡುಗ

ಸುಮ್ನೆ ಯೋಚನೆ ಮಾಡಬೇಡಿ ಸಾರ್, ಹಾಕಿ. ಮಿಂಟ್‌ನಲ್ಲಿ ಎಕ್ಸ್‌ಎಫ್‌ಸಿಇ ಅಂತ ಹಗುರದ ಆವೃತ್ತಿ ಇದೆ, ನಿಮ್ಮ 4 ಜಿಬಿಗೆ ಸಾಕು. ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಬರುತ್ತದೆ. ಹಾರ್ಡ್ ಡಿಸ್ಕ್ ತೆಗೆದು ಅದರ ಬದಲು ವೇಗದ ಒಂದು ಎಸ್‌ಎಸ್‌ಡಿ ಹಾಕಿಸಿದರೆ ಹೊಸ ಮಷೀನ್ ಥರ ಆಗುತ್ತದೆ. ನಾನು 3 ವರ್ಷದಿಂದ ವಿಂಡೋಸ್ ಮುಟ್ಟಿಲ್ಲ.

ಶಿವರಾಂಪೇಟೆ ಡಿಟಿಪಿ

ಮೇಲಿನ ತಮ್ಮನಿಗೆ ಅಂಗಡಿ ಇಲ್ಲ ಅಂತ ಕಾಣುತ್ತದೆ. ಅಣ್ಣ, ನೀವು ಅವಸರ ಮಾಡಬೇಡಿ. ನಾನು ಒಂದು ಭಾನುವಾರ ರಾತ್ರಿ ಕೂತು ಎಲ್ಲಾ ಅಳಿಸಿ ಲಿನಕ್ಸ್ ಹಾಕಿದೆ. ಸೋಮವಾರ ಬೆಳಿಗ್ಗೆ ಗಿರಾಕಿ ಸ್ಟಾಂಪ್ ಪೇಪರ್ ಹಿಡಿದು ನಿಂತಿದ್ದಾರೆ, ನಾನು ಫೈಲ್ ತೆರೆದರೆ ತಲೆ ಮೇಲೆ ಕೊಂಬು ಬಂದಿರುವ ಇಂಗ್ಲಿಷ್ ಅಕ್ಷರಗಳ ಸಾಲು. ಅದನ್ನು ಹೇಗೋ ಸರಿ ಮಾಡಿ ಪ್ರಿಂಟ್ ಕೊಟ್ಟರೆ ಸಾಲುಗಳು ಕೆಳಕ್ಕೆ ಜಾರಿ ಸಹಿ ಹಾಕುವ ಜಾಗ ಎರಡನೇ ಪುಟಕ್ಕೆ ಹೋಯಿತು. ಸ್ಟಾಂಪ್ ಪೇಪರಿನ ದುಡ್ಡು ನಾನೇ ಕೊಟ್ಟೆ.

ಆಮೇಲೆ ಗೊತ್ತಾಗಿದ್ದು ಇಷ್ಟು. ಹಳೇ ನುಡಿ ಫೈಲಿನ ಒಳಗೆ ಇರುವುದು ಕನ್ನಡ ಅಲ್ಲ, ಇಂಗ್ಲಿಷ್ ಅಕ್ಷರಗಳೇ. ಫಾಂಟು ಅವುಗಳ ಜಾಗದಲ್ಲಿ ಕನ್ನಡದ ಚಿತ್ರ ಬರೆಯುತ್ತದೆ, ಅಷ್ಟೇ. ಅದಕ್ಕೇ ಅಲ್ವಾ ಆ ಫೈಲಿನಿಂದ ವಾಟ್ಸಾಪಿಗೆ ಪೇಸ್ಟ್ ಮಾಡಿದರೆ ಏನೇನೋ ಬರುವುದು. ವಿಂಡೋಸಿನ ಫಾಂಟ್ಸ್ ಫೋಲ್ಡರಿನಿಂದ ನುಡಿ ಫಾಂಟುಗಳನ್ನು ಪೆನ್‌ಡ್ರೈವಿಗೆ ಹಾಕಿಟ್ಟುಕೊಳ್ಳಿ. ಲಿನಕ್ಸಿನಲ್ಲಿ ಅವನ್ನು ಇನ್‌ಸ್ಟಾಲ್ ಮಾಡಿದರೆ ಲಿಬ್ರೆ ಆಫೀಸ್ ಅನ್ನುವ ಉಚಿತ ಆಫೀಸ್ ಸಾಫ್ಟ್‌ವೇರಿನಲ್ಲಿ ಹಳೇ ಫೈಲು ಸರಿಯಾಗೇ ಕಾಣುತ್ತದೆ. ಸಾಲು ಜಾರಿದ್ದು ಕ್ಯಾಲಿಬ್ರಿ ಇಲ್ಲದ್ದಕ್ಕೆ. ಅದರಷ್ಟೇ ಅಗಲದ ಕಾರ್ಲಿಟೋ ಅಂತ ಫಾಂಟ್ ಇದೆ, ಹಾಕಿಕೊಳ್ಳಿ. ಟೈಮ್ಸ್ ನ್ಯೂ ರೋಮನ್‌ಗೆ ಲಿಬರೇಶನ್ ಸೆರಿಫ್ ಸರಿಹೋಗುತ್ತದೆ.

ನನ್ನ ಮಾತು ಏನಂದರೆ, ವಿಂಡೋಸ್ ಈಗಲೇ ತೆಗೆಯಬೇಡಿ. ಲಿಬ್ರೆ ಆಫೀಸ್ ವಿಂಡೋಸಿನಲ್ಲೂ ನಡೆಯುತ್ತದೆ, ಫೈರ್‌ಫಾಕ್ಸ್ ಕೂಡ. ಎರಡು ತಿಂಗಳು ಅಲ್ಲೇ ಅವುಗಳಲ್ಲಿ ಕೆಲಸ ಮಾಡಿ. 12 ವರ್ಷದ್ದೆಲ್ಲ ಯೂನಿಕೋಡಿಗೆ ಬದಲಾಯಿಸೋಕೆ ಹೋಗಲೂಬೇಡಿ, ದಿನಾ ಬಳಸುವ ಮೂವತ್ತೋ ನಲವತ್ತೋ ಮಾದರಿ ಪತ್ರ ಇರುತ್ತವೆ ನೋಡಿ, ಅವು ಸಾಕು. ಉಳಿದವನ್ನು ಬೇಕಾದಾಗ ಪಿಡಿಎಫ್ ಮಾಡಿಕೊಳ್ಳಿ. ಆಪರೇಟಿಂಗ್ ಸಿಸ್ಟಮ್ ಬದಲಾಯಿಸುವುದು ಒಂದು ಗಂಟೆ ಕೆಲಸ, ಇದು ತಿಂಗಳುಗಳ ಕೆಲಸ.

ಬದಲಾಯಿಸುವಾಗ ಒಂದು ಎಚ್ಚರ. ಪತ್ರದ ಮಧ್ಯೆ ಗಾಡಿ ನಂಬರು, ಪ್ಯಾನ್ ನಂಬರು ಇಂಗ್ಲಿಷಿನಲ್ಲಿ ಇರುತ್ತವಲ್ಲ, ಎಲ್ಲವನ್ನೂ ಒಟ್ಟಿಗೆ ಕನ್ವರ್ಟರಿಗೆ ಹಾಕಿದರೆ ಅದು ಅವನ್ನೂ ಕನ್ನಡ ಅಂದುಕೊಳ್ಳುತ್ತದೆ. ಮಂಡ್ಯದ ಕೆಎ 11 ಏನೋ ಒಂದು ಆಗಿ ಕೂತಿರುತ್ತದೆ.

ಕೋರ್ಟ್ ಪಕ್ಕದ ಟೈಪಿಸ್ಟ್, ಮಂಡ್ಯ

ಈ ಕೊಂಬಿನ ಅಕ್ಷರ ನಾನೂ ನೋಡಿದ್ದೇನೆ, ವೈರಸ್ ಅಂದುಕೊಂಡಿದ್ದೆ. ಕಗಪ ಮತ್ತು ಪ್ರಿಂಟರ್ ಬಗ್ಗೆ ಯಾರೂ ಹೇಳಲಿಲ್ಲ.

ಮೇಷ್ಟ್ರು, ಮದ್ದೂರು

ಕಗಪ ಇದೆ ಸ್ವಾಮಿ. ಕನ್ನಡ ಟೈಪ್ ಮಾಡಿಸುವ ಐಬಸ್ ಅನ್ನುವ ಸಾಫ್ಟ್‌ವೇರ್ ಹಾಕಿ, ಅದರ ಜೊತೆ ಎಂ17ಎನ್ ಪ್ಯಾಕೇಜ್ ಹಾಕಿ, ಕನ್ನಡದ ಪಟ್ಟಿಯಲ್ಲಿ ಕೆಜಿಪಿ (ಅದೇ ಕಗಪ) ಆರಿಸಿ. ಎಫ್ ಒತ್ತಿದರೆ ಒತ್ತಕ್ಷರ, ನಿಮ್ಮ ಬೆರಳಿಗೆ ಗೊತ್ತಿರುವುದೇ. ಕೀಬೋರ್ಡ್ ಸೆಟ್ಟಿಂಗಿನಲ್ಲಿ ಕಗಪ ಹೆಸರಿನ ಇನ್ನೊಂದು ಲೇಔಟ್ ಕಾಣುತ್ತದೆ, ಅದರಲ್ಲಿ ಸ್ವರ ಮೂಡುವ ರೀತಿ ಬೇರೆ, ಅದನ್ನು ತಗೊಂಡು ಬೈದುಕೊಳ್ಳಬೇಡಿ.

ಪ್ರಿಂಟರ್ ಮಾತ್ರ ಅದೃಷ್ಟ. ಪೋಸ್ಟ್‌ಸ್ಕ್ರಿಪ್ಟ್ ಅಥವಾ ಪಿಸಿಎಲ್ ಅನ್ನುವ ಪ್ರಿಂಟರ್ ಭಾಷೆ ಅರ್ಥ ಆಗುವ ಮಷೀನ್ ಆದರೆ ಚಿಂತೆ ಕಡಿಮೆ. ಕೆಲವು ಅಗ್ಗದ ಲೇಸರ್‌ಗಳಿಗೆ ಕಂಪ್ಯೂಟರೇ ಪುಟ ಸಿದ್ಧ ಮಾಡಿ ಅವುಗಳದ್ದೇ ಗುಟ್ಟಿನ ಭಾಷೆಯಲ್ಲಿ ಕಳಿಸಬೇಕು, ಅಂಥದಕ್ಕೆ ಲಿನಕ್ಸಿನಲ್ಲಿ ಒದ್ದಾಟ. ನಮ್ಮ ಮನೆಯದ್ದು ಅದೇ ಜಾತಿ, ಎರಡು ಸಂಜೆ ಹಾಳಾಯಿತು. 8 ಜಿಬಿ ಪೆನ್‌ಡ್ರೈವಿನಿಂದ ಮಿಂಟ್ ಬೂಟ್ ಮಾಡಿ, ಇನ್‌ಸ್ಟಾಲ್ ಮಾಡದೆಯೇ ಒಂದು ಟೆಸ್ಟ್ ಪೇಜ್ ಕೊಟ್ಟು ನೋಡಿ. ವೈಫೈ, ಸ್ಕ್ಯಾನರ್ ಕೂಡ ಆಗಲೇ ಗೊತ್ತಾಗುತ್ತದೆ.

ಕೋರ್ಟ್ ಪಕ್ಕದ ಟೈಪಿಸ್ಟ್, ಮಂಡ್ಯ

ಮೂರು ವಾರ ಆಯಿತು, ಹೇಳಿಬಿಡುತ್ತೇನೆ. ಪೆನ್‌ಡ್ರೈವಿನಲ್ಲಿ ನೋಡಿದೆ, ದೊಡ್ಡ ಜೆರಾಕ್ಸ್ ಮಷೀನಿಗೆ ಪ್ರಿಂಟ್ ಹೋಯಿತು, ಸಣ್ಣ ಲೇಸರ್ ಮೇಷ್ಟ್ರು ಹೇಳಿದ ಜಾತಿಯದ್ದೇ. ಅದಕ್ಕೆ ಒಂದು ಮಷೀನಿಗೆ ಮಾತ್ರ ಮಿಂಟ್ ಹಾಕಿದೆ. ಇನ್ನೊಂದರಲ್ಲಿ ವಿಂಡೋಸ್ ಇದೆ, ಇಂಟರ್ನೆಟ್ ತೆಗೆದಿದ್ದೇನೆ, ಪಿಡಿಎಫ್ ತಂದು ಸಣ್ಣ ಲೇಸರಿಗೆ ಕೊಡುವುದು ಅದರ ಕೆಲಸ. ಪಹಣಿ ಎಲ್ಲಾ ಮಿಂಟ್ ಕಡೆಯಿಂದಲೇ ತೆಗೆಯುತ್ತಿದ್ದೇನೆ. ಇಪ್ಪತ್ತೆರಡು ಮಾದರಿ ಪತ್ರ ಯೂನಿಕೋಡ್ ಆಗಿವೆ. ಅರ್ಕಾವತ್ತು ಬಂದ ಕಡೆ ಮಾತ್ರ ಕೆಲವು ಪದ ತಿರುಗುಮುರುಗು ಆಗಿ ಬಂದವು. ನಿನ್ನೆ ಒಬ್ಬರ "ಅರ್ಜಿದಾರರು" ನೋಡೋಕೆ ಆಗುತ್ತಿರಲಿಲ್ಲ, ಕೈಯಲ್ಲೇ ತಿದ್ದಿದೆ. ಶಿವರಾಂಪೇಟೆಯವರೇ, ಇದನ್ನು ಒಂದೇ ಸಲಕ್ಕೆ ಸರಿ ಮಾಡುವ ದಾರಿ ಏನಾದರೂ ಇದೆಯಾ?