ಚಿಕನ್ ಕ್ಯಾಸರೋಲ್: ತಳದಲ್ಲಿ ನೀರು, ಮೇಲೆ ಚರ್ಮದಂಥ ಚೀಸ್. ಎಲ್ಲಿ ತಪ್ಪುತ್ತಿದೆ?

ಪ್ರಶ್ನೆ (ದಾವಣಗೆರೆಯ ಸದಸ್ಯೆ):
ನಮಸ್ಕಾರ ಸರ್. ಶನಿವಾರ ಮಗಳ ಹುಟ್ಟುಹಬ್ಬ, ಚೀಸ್ ಹಾಕಿ ಬೇಕ್ ಮಾಡುವ ಚಿಕನ್ ಕ್ಯಾಸರೋಲ್ ಬೇಕಂತೆ. ಎರಡು ಸಲ ಮಾಡಿ ನೋಡಿದೆ, ಎರಡು ಸಲವೂ ಕೆಟ್ಟಿತು. ಮೇಲೆ ಚೀಸ್ ಚರ್ಮದ ಹಾಗೆ ಬಿಗಿದು ಎಣ್ಣೆ ಬಿಟ್ಟಿತ್ತು. ಚಮಚ ಹಾಕಿದರೆ ತಳದಲ್ಲಿ ನೀರು. ಚಿಕನ್ ನಾರುನಾರು. ಅರ್ಧ ಕೆಜಿ ಬ್ರೆಸ್ಟ್, ಅಣಬೆ, ದಪ್ಪಮೆಣಸಿನಕಾಯಿ ಎಲ್ಲ ಹಸಿಯಾಗೇ ಹಾಕಿ, ವೈಟ್ ಸಾಸ್ ಸುರಿದು, ಚೀಸ್ ಹರಡಿ, 25 ಲೀಟರ್ ಓಟಿಜಿಯಲ್ಲಿ (ಚಿಕ್ಕ ವಿದ್ಯುತ್ ಓವನ್) 200 ಡಿಗ್ರಿಗೆ 45 ನಿಮಿಷ ಇಟ್ಟಿದ್ದೆ.

ಉತ್ತರ (ಶೆಫ್):
ಅಕ್ಕಾ, ‘ಎಲ್ಲ ಹಸಿಯಾಗೇ ಹಾಕಿ’ ಅಂದಿರಲ್ಲ, ಅಲ್ಲೇ ತಪ್ಪಿದ್ದು. ಕ್ಯಾಸರೋಲ್‌ನ ಮುಕ್ಕಾಲು ಅಡುಗೆ ಒಲೆ ಮೇಲೇ ಮುಗಿಯಬೇಕು. ಓಟಿಜಿಗೆ ಬಿಡುವುದು ಎಲ್ಲ ಕೂಡಿಕೊಂಡು ಕುದಿಯೋದು, ಚೀಸ್ ಕರಗಿ ಬಣ್ಣ ಬರೋದು, ಇಷ್ಟೇ. ಅಣಬೆಯಲ್ಲಿ ಹೆಚ್ಚುಕಡಿಮೆ ನೀರೇ ತುಂಬಿದೆ. ದಪ್ಪಮೆಣಸಿನಕಾಯಿ, ಬ್ರಾಯ್ಲರ್ ಕೋಳಿ ಎರಡೂ ನೀರು ಬಿಡುತ್ತವೆ. ಆಳದ ಪಾತ್ರೆಯಲ್ಲಿ ಸಾಸ್ ಕೆಳಗೆ ಸಿಕ್ಕಿಕೊಂಡ ಆ ನೀರಿಗೆ ಆರಿಹೋಗಲು ದಾರಿಯೇ ಇಲ್ಲ.

ಬ್ರೆಸ್ಟ್ ಬದಲು ಅಂಗಡಿಯಲ್ಲಿ ಲೆಗ್ ಬೋನ್‌ಲೆಸ್ ಕೇಳಿ. ಕೊಬ್ಬು ಸ್ವಲ್ಪ ಹೆಚ್ಚಿರುವುದರಿಂದ ಎರಡು ಸಲ ಬಿಸಿ ಕಂಡರೂ ಮೆತ್ತಗಿರುತ್ತೆ. ಒಂದಂಗುಲದ ತುಂಡು ಮಾಡಿ, ಉಪ್ಪು, ಕಾಳುಮೆಣಸಿನ ಪುಡಿ ಹಚ್ಚಿ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಬಟ್ಟೆಯಲ್ಲಿ ಒತ್ತಿ ನೀರು ತೆಗೆದು, ಕಾದ ಬಾಣಲೆಯಲ್ಲಿ ಜೋರು ಉರಿಯಲ್ಲಿ ಎರಡು ಕಂತಾಗಿ ಹುರಿಯಿರಿ. ಒಟ್ಟಿಗೆ ಸುರಿದರೆ ಬಾಣಲೆ ತಣ್ಣಗಾಗಿ ಚಿಕನ್ ತನ್ನದೇ ನೀರಲ್ಲಿ ಬೇಯುತ್ತೆ. ಹೊರಗೆ ಕೆಂಪಗಾಗಿ ಒಳಗೆ ಇನ್ನೇನು ಬೆಂದಿತು ಅನ್ನುವಾಗ ತೆಗೆದಿಡಿ. ಅದೇ ಬಾಣಲೆಗೆ 200 ಗ್ರಾಂ ಅಣಬೆ. ಮೊದಲು ನೀರು ಬಿಟ್ಟು ಚೊರಗುಟ್ಟುತ್ತೆ, ಆ ಸದ್ದು ನಿಂತು ಬಾಣಲೆಗೆ ಅಂಟಲು ಶುರುವಾದಾಗ ಈರುಳ್ಳಿ, ಬೆಳ್ಳುಳ್ಳಿ, ದಪ್ಪಮೆಣಸಿನಕಾಯಿ ಹಾಕಿ ಬಾಡಿಸಿ.

ಇನ್ನು ಸಾಸ್. 40 ಗ್ರಾಂ ಬೆಣ್ಣೆ, 40 ಗ್ರಾಂ ಮೈದಾ, ಅರ್ಧ ಲೀಟರ್ ಹಾಲು. ಬೆಣ್ಣೆ ಕರಗಿದ ಮೇಲೆ ಮೈದಾ ಹಾಕಿ ಸಣ್ಣ ಉರಿಯಲ್ಲಿ ಎರಡು ನಿಮಿಷ ಹುರಿಯಿರಿ. ಹಸಿ ವಾಸನೆ ಹೋಗಬೇಕು, ಬಣ್ಣ ತಿರುಗಬಾರದು. ಬೆಚ್ಚಗಿನ ಹಾಲನ್ನು ಸೌಟು ಸೌಟಾಗಿ ಬಿಡುತ್ತಾ ತಿರುವಿ, ಕುದಿ ಬಂದ ಮೇಲೂ ನಾಲ್ಕು ನಿಮಿಷ ಬಿಡಿ. ಅಷ್ಟು ಕುದ್ದರೇ ಮೈದಾ ಪೂರ್ತಿ ಬೆಂದು ಹಾಲನ್ನು ಹಿಡಿದುಕೊಳ್ಳೋದು. ಹದ ನೋಡಲು ಸೌಟಿನ ಬೆನ್ನಿಗೆ ಹತ್ತಿದ ಸಾಸ್ ಮೇಲೆ ಬೆರಳಲ್ಲಿ ಒಂದು ಗೆರೆ ಎಳೆಯಿರಿ. ಗೆರೆ ಹಾಗೇ ನಿಂತರೆ ಆಯಿತು. ಸಾಸ್ ಇಳಿದು ಗೆರೆ ಮುಚ್ಚಿಕೊಂಡರೆ ಇನ್ನೂ ಕುದಿಯಬೇಕು.

ಒಲೆ ಆರಿಸಿ ಎರಡು ನಿಮಿಷ ಬಿಟ್ಟು ಚೀಸ್ ಹಾಕಿ. ಕುದಿಯುವ ಸಾಸ್‌ಗೆ ಹಾಕಿದರೆ ಚೀಸ್‌ನ ಪ್ರೋಟೀನ್ ಬಿಗಿದುಕೊಂಡು ಕೊಬ್ಬನ್ನು ಹಿಂಡಿ ಹೊರಗೆ ಬಿಡುತ್ತೆ. ನಿಮ್ಮ ಪಾತ್ರೆಯಲ್ಲಿ ಮೇಲಿನ ಚೀಸ್ 45 ನಿಮಿಷ ಕಾದು ಎಣ್ಣೆ ಬಿಟ್ಟಿದ್ದೂ ಇದೇ ಕಾರಣಕ್ಕೆ. ಸಾಸ್ ಒಳಗೆ 25 ಗ್ರಾಂನ ಎರಡು ಪ್ರೊಸೆಸ್ಡ್ ಚೀಸ್ ಕ್ಯೂಬ್ ತುರಿದು ಹಾಕಿ. ಕೊಬ್ಬು, ನೀರು ಬೇರೆಯಾಗದಂತೆ ಹಿಡಿಯುವ ಲವಣಗಳು ಅದರಲ್ಲೇ ಇರುವುದರಿಂದ ನುಣ್ಣಗೆ ಕರಗುತ್ತೆ. ಎಳೆ ಎಳೆಯಾಗಿ ಬರುವ ಮೊಝರೆಲ್ಲಾ 100 ಗ್ರಾಂ, ಅದು ಮೇಲಕ್ಕೆ ಮಾತ್ರ.

ಓಟಿಜಿಯನ್ನು 180 ಡಿಗ್ರಿಗೆ 15 ನಿಮಿಷ ಮೊದಲೇ ಕಾಯಿಸಿ. ಎರಡೂ ರಾಡ್ ಆನ್, ಪಾತ್ರೆ ನಡುವಿನ ಹಂತದಲ್ಲಿ. ಚಿಕನ್, ತರಕಾರಿ, ಸಾಸ್ ಬೆರೆಸಿ, ಫಾಯಿಲ್ ಮುಚ್ಚಿ 15 ನಿಮಿಷ. ಆಮೇಲೆ ಫಾಯಿಲ್ ತೆಗೆದು ಮೊಝರೆಲ್ಲಾ ಹರಡಿ ಇನ್ನೊಂದು 8–10 ನಿಮಿಷ. ಚಿಕ್ಕ ಓಟಿಜಿಯಲ್ಲಿ ಮೇಲಿನ ರಾಡ್ ತೀರಾ ಹತ್ತಿರ, ಕೊನೆಯ ಮೂರು ನಿಮಿಷ ಅಲ್ಲೇ ನಿಂತು ನೋಡಿ. ನಡುವೆಯೂ ಗುಳ್ಳೆ ಬರುತ್ತಿರಬೇಕು. ಥರ್ಮಾಮೀಟರ್ ಇದ್ದರೆ ಚಿಕನ್ ಒಳಗೆ 74 ಡಿಗ್ರಿ ತೋರಿಸಬೇಕು. ಹೊರತೆಗೆದು ಹತ್ತು ನಿಮಿಷ ಮುಟ್ಟಬೇಡಿ, ಸಾಸ್ ಗಟ್ಟಿಯಾಗುವುದೇ ಆಗ.

ಒಂದು ಮಾತು ಎಲ್ಲರಿಗೂ. ನಮ್ಮ ಮನೆಗಳಲ್ಲಿ ಕ್ಯಾಸರೋಲ್ ಅಂದರೆ ಚಪಾತಿ ಬಿಸಿಯಾಗಿಡುವ ಹಾಟ್‌ಬಾಕ್ಸ್. ಅದನ್ನು ಓವನ್ ಒಳಗೆ ಇಡಲೇಬೇಡಿ, ಪ್ಲಾಸ್ಟಿಕ್ ಕರಗಿಹೋಗುತ್ತೆ. ಇಲ್ಲಿ ಬೇಕಾದ್ದು ಓವನ್‌ಗೆ ಆಗುವ ಗಾಜು, ಪಿಂಗಾಣಿ ಅಥವಾ ಅಲ್ಯೂಮಿನಿಯಂ ಪಾತ್ರೆ.

ಪ್ರಶ್ನೆ (ಶಿರಸಿಯ ಸದಸ್ಯೆ):
ನಮ್ಮಲ್ಲಿ ಓವನ್ ಇಲ್ಲ ಅಣ್ಣ. ಕೇಕ್ ಮಾಡುವ ಹಾಗೆ ಕುಕ್ಕರ್‌ನಲ್ಲಿ ಆಗುತ್ತಾ?

ಉತ್ತರ:
ಆಗುತ್ತೆ ತಂಗಿ. ದಪ್ಪ ತಳದ ಕುಕ್ಕರ್‌ಗೆ ಒಂದಂಗುಲ ಕಲ್ಲುಪ್ಪು ಹಾಕಿ, ಮೇಲೊಂದು ಸ್ಟ್ಯಾಂಡ್ ಇಟ್ಟು, ಗ್ಯಾಸ್ಕೆಟ್, ವೆಯ್ಟ್ ಎರಡೂ ತೆಗೆದು ಹತ್ತು ನಿಮಿಷ ಕಾಯಿಸಿ. ಪಾತ್ರೆ ಅಲ್ಯೂಮಿನಿಯಂನದ್ದೇ ಇರಲಿ, ಗಾಜು ಬೇಡ. ಒಲೆ ಮೇಲೇ ಚಿಕನ್ ಪೂರ್ತಿ ಬೇಯಿಸಿಕೊಂಡಿರಿ. ನಡುವೆ ಒಮ್ಮೆ ಮುಚ್ಚಳ ತೆಗೆದು ಒಳಗಿನ ಹನಿ ಒರೆಸಿ, ಇಲ್ಲದಿದ್ದರೆ ನೀರೆಲ್ಲ ಚೀಸ್ ಮೇಲೆ ತೊಟ್ಟಿಕ್ಕುತ್ತೆ. ಚೀಸ್ ಕರಗುತ್ತೆ, ಕೆಂಪಗಾಗುವುದಿಲ್ಲ. ಬ್ರೆಡ್ ಪುಡಿಯನ್ನು ಬೆಣ್ಣೆಯಲ್ಲಿ ಗರಿಗರಿಯಾಗಿ ಹುರಿದು ಬಡಿಸುವಾಗ ಉದುರಿಸಿ. ನನಗಂತೂ ಆ ರುಚಿ ತುಂಬಾ ಇಷ್ಟ.

ಪ್ರಶ್ನೆ (ಟೆಕ್ಸಾಸ್‌ನಲ್ಲಿರುವ ಸದಸ್ಯ):
ಇಲ್ಲಿ ಎಲ್ಲರೂ ಡಬ್ಬಿ ಸೂಪ್ ಸುರಿದು ಮಾಡುತ್ತಾರೆ. ಅದು ಸರಿಯಾ ಸರ್?

ಉತ್ತರ:
ಧಾರಾಳವಾಗಿ ಮಾಡಿ. ಅಮೆರಿಕದ ಮನೆಗಳಲ್ಲಿ ಕ್ಯಾಸರೋಲ್ ಹಬ್ಬಿದ್ದರಲ್ಲಿ ಆ ಡಬ್ಬಿಯ ಪಾಲು ದೊಡ್ಡದು. ಕ್ಯಾಂಪ್‌ಬೆಲ್ ಕಂಪನಿಯ ಕ್ರೀಮ್ ಆಫ್ ಮಶ್ರೂಮ್ ಸೂಪ್ ಬಂದಿದ್ದು 1934ರಲ್ಲಿ. ಅದನ್ನೇ ಹಾಕಿ ಮಾಡುವ ಬೀನ್ಸ್ ಕ್ಯಾಸರೋಲ್ 1955ರಲ್ಲಿ ಅವರ ಪ್ರಯೋಗದ ಅಡುಗೆಮನೆಯಲ್ಲೇ ಹುಟ್ಟಿತು. ಮಿನ್ನೆಸೋಟಾ ಕಡೆ ಇಂಥ ಅಡುಗೆಗೆ ಹಾಟ್‌ಡಿಶ್ ಅನ್ನುತ್ತಾರೆ. ಕಂಡೆನ್ಸ್ಡ್ ಸೂಪ್ ಮೊದಲೇ ಮೈದಾ ಸೇರಿ ಗಟ್ಟಿಯಾಗಿರುತ್ತೆ, ಅದೇ ನಿಮ್ಮ ವೈಟ್ ಸಾಸ್. ಡಬ್ಬಿ ಮೇಲೆ ಬರೆದಷ್ಟು ನೀರು ಬೆರೆಸಿದರೆ ಸೂಪ್ ಆಗುತ್ತೆ, ಕ್ಯಾಸರೋಲ್‌ಗೆ ಕಾಲು ಡಬ್ಬಿ ಹಾಲು ಸಾಕು. ಉಪ್ಪು ಅದರಲ್ಲೇ ಬೇಕಾದಷ್ಟಿದೆ, ಬೇರೆ ಹಾಕಬೇಡಿ.

ಪ್ರಶ್ನೆ (ಮೈಸೂರಿನ ಸದಸ್ಯ):
ನಾನು ಮೊಸರು, ನಿಂಬೆರಸದಲ್ಲಿ ಚಿಕನ್ ನೆನೆಸಿದ್ದೆ, ಸಾಸ್ ಒಡೆದುಹೋಯಿತು.

ಉತ್ತರ:
ಹಾಲಿಗೆ ನಿಂಬೆರಸ ಹಿಂಡಿ ಪನೀರ್ ಮಾಡುವುದಿಲ್ಲವೇ, ಅದೇ ಆಗಿದ್ದು. ಮೈದಾ ಸ್ವಲ್ಪ ತಡೆಯುತ್ತೆ, ಪೂರ್ತಿ ಅಲ್ಲ. ಈ ಅಡುಗೆಗೆ ಹುಳಿ ಬೇಡ. ಘಮಕ್ಕೆ ಚಿಟಿಕೆ ಜಾಯಿಕಾಯಿ ತುರಿ ಹಾಕಿ.

ದಾವಣಗೆರೆಯ ಸದಸ್ಯೆ:
ಸರ್, ಶುಕ್ರವಾರ ರಾತ್ರಿಯೇ ಜೋಡಿಸಿ ಗಾಜಿನ ಪಾತ್ರೆಯಲ್ಲಿ ಫ್ರಿಜ್‌ಗೆ ಇಡಬಹುದಾ?

ಉತ್ತರ:
ಇಡಿ, ಆದರೆ ಚಿಕನ್ ಮೊದಲೇ ಪೂರ್ತಿ ಬೇಯಿಸಿ. ಅರೆಬೆಂದ ಚಿಕನ್ ರಾತ್ರಿಯಿಡೀ ಇಡುವುದು ಅಪಾಯ. ಎಲ್ಲ ಆರಿದ ಮೇಲೆ ಜೋಡಿಸಿ, ಎರಡು ಗಂಟೆಯೊಳಗೆ ಫ್ರಿಜ್ ಸೇರಿಸಿ. ಮೊಝರೆಲ್ಲಾ ಹಾಕಬೇಡಿ. ಮಾರನೇ ದಿನ ಬೇಕ್ ಮಾಡಲು ಅರ್ಧ ಗಂಟೆ ಮೊದಲು ಹೊರಗಿಡಿ. ತಣ್ಣನೆಯ ಗಾಜು ಕಾದ ಓವನ್‌ಗೆ ಹೋದರೆ ಸೀಳಬಹುದು. ಸಾಸ್ ಬಿಗಿದಿರುತ್ತೆ, ಮೂರು ಚಮಚ ಹಾಲು ಸೇರಿಸಿ, ಫಾಯಿಲ್ ಮುಚ್ಚಿ ಹತ್ತು ನಿಮಿಷ ಹೆಚ್ಚು ಇಡಿ.

ದಾವಣಗೆರೆಯ ಸದಸ್ಯೆ (ಭಾನುವಾರ):
ತಳದಲ್ಲಿ ಒಂದು ಹನಿ ನೀರಿಲ್ಲ ಸರ್! ಮಗಳು ಎರಡು ಸಲ ಹಾಕಿಸಿಕೊಂಡಳು. ಉಪ್ಪು ಮಾತ್ರ ಒಂದು ಕೈ ಮುಂದಾಯಿತು.

ಉತ್ತರ:
ತುಂಬಾ ಸಂತೋಷ ಅಕ್ಕಾ. ಚೀಸ್ ಕ್ಯೂಬ್‌ನಲ್ಲಿ ಉಪ್ಪು ಜಾಸ್ತಿ, ನಾನು ಮೊದಲೇ ಹೇಳಬೇಕಿತ್ತು. ಮುಂದಿನ ಸಲ ಚಿಕನ್‌ಗೆ ಹಚ್ಚುವ ಉಪ್ಪು ಅರ್ಧ ಮಾಡಿ, ಸಾಸ್‌ಗೆ ಚೀಸ್ ಕರಗಿದ ಮೇಲೆ ರುಚಿ ನೋಡಿಯೇ ಹಾಕಿ.