ಎಚ್‌ಪಿವಿ ಭಯ: ಟಾಯ್ಲೆಟ್ ಸೀಟಿನಿಂದ ಟೆಸ್ಟ್ ರಿಪೋರ್ಟ್‌ವರೆಗೆ, ಸ್ತ್ರೀರೋಗ ತಜ್ಞೆಯ ಉತ್ತರಗಳು

ಪ್ರಶ್ನೆ: ನಮಸ್ತೆ ಡಾಕ್ಟ್ರೇ. ಮುಂದಿನ ತಿಂಗಳು ನಾನು, ನನ್ನ 12 ವರ್ಷದ ಮಗಳು ಪ್ರವಾಸ ಹೊರಟಿದ್ದೇವೆ. ಹೋಟೆಲಿನ ಹಾಸಿಗೆ, ಟವೆಲ್, ಸಾರ್ವಜನಿಕ ಶೌಚಾಲಯದಿಂದ ಎಚ್‌ಪಿವಿ ಬರುತ್ತದೆ ಅಂತ ಓದಿದೆ. ತುಂಬಾ ಭಯವಾಗಿದೆ. ಸ್ಯಾನಿಟೈಸರ್ ಒಯ್ದರೆ ಸಾಕಾ?

ಉತ್ತರ: ನಮಸ್ತೆ. ಟಾಯ್ಲೆಟ್ ಸೀಟಿಗೆ ಹೆದರಬೇಡಿ. ಎಚ್‌ಪಿವಿ ಅಂದರೆ ಹ್ಯೂಮನ್ ಪ್ಯಾಪಿಲೋಮಾ ವೈರಸ್. ಇದರ ಕೆಲವು ಬಗೆ ನರಹುಲಿ ತರುತ್ತವೆ, ಕೆಲವು ಗರ್ಭಕಂಠದ (ಗರ್ಭಕೋಶದ ಬಾಯಿಯ) ಕ್ಯಾನ್ಸರ್ ತರಬಲ್ಲವು. ಎಚ್‌ಪಿವಿಯಲ್ಲಿ 200ಕ್ಕೂ ಹೆಚ್ಚು ಬಗೆಗಳಿವೆ. ಅವುಗಳಲ್ಲಿ ಸುಮಾರು 40 ಜನನಾಂಗದ ಭಾಗಕ್ಕೆ ತಗಲುವಂಥವು. ಇವು ಹರಡುವುದು ಚರ್ಮಕ್ಕೆ ಚರ್ಮ ತಾಗಿ, ಮುಖ್ಯವಾಗಿ ಲೈಂಗಿಕ ಸಂಪರ್ಕದಲ್ಲಿ. ವಸ್ತುಗಳ ಮೇಲೆ ಈ ವೈರಸ್ಸಿನ ಗುರುತು ಸಿಗುವುದುಂಟು. ಆದರೆ ಸೋಂಕು ಆಗಬೇಕಾದರೆ ಅದು ಸಣ್ಣ ಸಣ್ಣ ಗಾಯಗಳ ಮೂಲಕ ಚರ್ಮದ ಕೆಳಪದರ ಮುಟ್ಟಬೇಕು. ಸುಮ್ನೆ ಸೀಟಿನ ಮೇಲೆ ಕೂತರೆ ಹಾಗಾಗುವುದಿಲ್ಲ.

ಸ್ಯಾನಿಟೈಸರ್ ಅನ್ನು ಜಾಸ್ತಿ ನಂಬಬೇಡಿ. ಈ ವೈರಸ್‌ಗೆ ಹೊರಗಡೆ ಕೊಬ್ಬಿನ ಪದರ ಇಲ್ಲ, ಹಾಗಾಗಿ ಆಲ್ಕೋಹಾಲ್ ಇದರ ಮೇಲೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಸೋಪು ಹಾಕಿ ಕೈ ತೊಳೆಯಿರಿ. ಟವೆಲ್, ರೇಜರ್, ಒಳಉಡುಪು ಅವರವರದ್ದೇ ಇರಲಿ. ಮನೆಯಲ್ಲೂ ಇಷ್ಟೇ.

ಮಗಳಿಗೆ 12 ಅಂದಿರಿ. ಲಸಿಕೆ ಹಾಕಿಸಿದ್ದೀರಾ?

ಪ್ರಶ್ನೆ: ಇಲ್ಲ ಡಾಕ್ಟ್ರೇ. ಇಷ್ಟು ಚಿಕ್ಕ ಹುಡುಗಿಗೆ ಈಗಲೇ ಯಾಕೆ ಅಂತ ನಮ್ಮತ್ತೆ ಕೇಳುತ್ತಾರೆ. ಪ್ರವಾಸದ ಮಧ್ಯೆ ಎರಡನೇ ಡೋಸ್ ತಪ್ಪಿದರೆ?

ಉತ್ತರ: ಅತ್ತೆಗೆ ಹೀಗೆ ಹೇಳಿ: ಈ ಲಸಿಕೆ ಒಳಗೆ ಸೇರಿದ ವೈರಸ್ಸನ್ನು ಓಡಿಸುವುದಿಲ್ಲ, ಬರುವ ಮೊದಲೇ ತಡೆಯುತ್ತದೆ. ಅದಕ್ಕೇ 9ರಿಂದ 14 ವರ್ಷದೊಳಗೆ ಹಾಕಿಸಿ ಅನ್ನುವುದು. ಆ ವಯಸ್ಸಿನಲ್ಲಿ ದೇಹವೂ ಚೆನ್ನಾಗಿ ಸ್ಪಂದಿಸುತ್ತದೆ. ಲಸಿಕೆಯಲ್ಲಿ ಜೀವಂತ ವೈರಸ್ ಇರುವುದಿಲ್ಲ, ಅದರ ಹೊರಕವಚದ ಪ್ರೋಟೀನ್ ಮಾತ್ರ ಇರುತ್ತದೆ. ಗರ್ಭಕಂಠದ ಕ್ಯಾನ್ಸರ್‌ಗಳಲ್ಲಿ ಸುಮಾರು 70 ಶೇಕಡಾ 16 ಮತ್ತು 18ನೇ ಬಗೆಯಿಂದ ಬರುತ್ತವೆ. ಎರಡನ್ನೂ ಇದು ತಡೆಯುತ್ತದೆ. ಲಸಿಕೆ ಬಂದದ್ದು 2006ರಲ್ಲಿ. ಇಂಗ್ಲೆಂಡ್, ಸ್ವೀಡನ್‌ಗಳಲ್ಲಿ ಚಿಕ್ಕ ವಯಸ್ಸಿನಲ್ಲೇ ಹಾಕಿಸಿಕೊಂಡ ಹುಡುಗಿಯರು ಈಗ ದೊಡ್ಡವರಾಗಿದ್ದಾರೆ, ಅವರಲ್ಲಿ ಈ ಕ್ಯಾನ್ಸರ್ ಬಹಳ ಇಳಿದಿದೆ. ಗಂಡು ಮಕ್ಕಳಿಗೂ ಹಾಕಿಸಬಹುದು.

ಎರಡು ಡೋಸ್ ಆದರೆ ನಡುವೆ 6ರಿಂದ 12 ತಿಂಗಳ ಅಂತರ. ಒಂದೇ ಡೋಸ್ ಕೂಡ 9ರಿಂದ 20 ವರ್ಷದವರಿಗೆ ಸಾಕಾಗಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಎರಡನೆಯದು ತಡವಾದರೆ ಮೊದಲಿನಿಂದ ಶುರು ಮಾಡಬೇಕಿಲ್ಲ. ಚುಚ್ಚಿಸಿದ ಮೇಲೆ 15 ನಿಮಿಷ ಅಲ್ಲೇ ಕೂರಿಸಿ, ಈ ವಯಸ್ಸಿನ ಮಕ್ಕಳಿಗೆ ಒಮ್ಮೊಮ್ಮೆ ತಲೆ ಸುತ್ತುತ್ತದೆ.

ಪ್ರಶ್ನೆ: ನನಗೆ 38. ಎಚ್‌ಪಿವಿ ಪಾಸಿಟಿವ್ ಬಂದಿದೆ, ಪ್ಯಾಪ್ ಟೆಸ್ಟ್ (ಗರ್ಭಕಂಠದ ಜೀವಕೋಶಗಳ ಪರೀಕ್ಷೆ) ನಾರ್ಮಲ್. ಮದುವೆಯಾಗಿ 14 ವರ್ಷ. ರಿಪೋರ್ಟ್ ಬಂದಾಗಿನಿಂದ ನಾನು, ನಮ್ಮ ಯಜಮಾನರು ಸರಿಯಾಗಿ ಮಾತಾಡಿಲ್ಲ. ಅವರಿಗೆ ನನ್ನ ಮೇಲೆ ಅನುಮಾನ, ನನಗೆ ಅವರ ಮೇಲೆ.

ಉತ್ತರ: ಈ ಸಂಕಟವನ್ನು ಕ್ಲಿನಿಕ್‌ನಲ್ಲಿ ಮತ್ತೆ ಮತ್ತೆ ನೋಡುತ್ತೇನೆ. ರಿಪೋರ್ಟ್ ಕೈಗೆ ಕೊಟ್ಟ ತಕ್ಷಣ ಹೆಚ್ಚಿನವರು ಕ್ಯಾನ್ಸರ್ ಬಗ್ಗೆ ಕೇಳುವುದಿಲ್ಲ, "ಇದು ಯಾರಿಂದ ಬಂತು" ಅಂತ ಕೇಳುತ್ತಾರೆ. ಅದನ್ನು ಯಾವ ಟೆಸ್ಟೂ ಹೇಳಲಾರದು. ಯಾವಾಗ ಬಂತು ಅನ್ನುವುದನ್ನೂ ಹೇಳಲಾರದು. ಲೈಂಗಿಕ ಜೀವನ ಇರುವ ಹೆಚ್ಚಿನವರಿಗೆ, ಗಂಡಸಾಗಲಿ ಹೆಂಗಸಾಗಲಿ, ಒಂದಲ್ಲ ಒಂದು ಸಲ ಇದು ತಗಲಿರುತ್ತದೆ. ಗೊತ್ತೂ ಆಗುವುದಿಲ್ಲ. ಕೆಲವರಲ್ಲಿ ಟೆಸ್ಟ್‌ಗೂ ಸಿಗದ ಹಾಗೆ ವರ್ಷಗಟ್ಟಲೆ ಅಡಗಿದ್ದು ಮತ್ತೆ ಕಾಣಿಸಿಕೊಳ್ಳುತ್ತದೆ. ಹೀಗಿರುವಾಗ ಈ ಒಂದು ಕಾಗದ ಹಿಡಿದು ಯಾರನ್ನೂ ತಪ್ಪಿತಸ್ಥರು ಅನ್ನುವ ಹಾಗಿಲ್ಲ. ಈ ಉತ್ತರವನ್ನು ದಯವಿಟ್ಟು ನಿಮ್ಮ ಯಜಮಾನರಿಗೂ ಓದಲು ಕೊಡಿ.

ಪಾಸಿಟಿವ್ ಅಂದರೆ ಕ್ಯಾನ್ಸರ್ ಅಲ್ಲ. ಹೆಚ್ಚಿನ ಸೋಂಕು ಒಂದೆರಡು ವರ್ಷದಲ್ಲಿ ತಾನಾಗಿಯೇ ಹೋಗುತ್ತದೆ. ಹೋಗದೆ ಉಳಿದರೂ ಕ್ಯಾನ್ಸರ್ ಹಂತಕ್ಕೆ ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ಎಚ್‌ಐವಿ ಇದ್ದು ಚಿಕಿತ್ಸೆ ಆಗದಿದ್ದರೆ ಇದು ಬೇಗ ಆಗುತ್ತದೆ. ನೀವು ನೋಡಬೇಕಾದ್ದು ರಿಪೋರ್ಟ್‌ನಲ್ಲಿ ಯಾವ ಬಗೆ ಅಂತ ಬರೆದಿದೆ ಅನ್ನುವುದನ್ನು. 16 ಅಥವಾ 18 ಇದ್ದರೆ ಪ್ಯಾಪ್ ನಾರ್ಮಲ್ ಇದ್ದರೂ ಕಾಲ್ಪೊಸ್ಕೋಪಿ (ಗರ್ಭಕಂಠವನ್ನು ದೊಡ್ಡದಾಗಿ ತೋರಿಸುವ ಉಪಕರಣದಲ್ಲಿ ನೋಡುವ ಪರೀಕ್ಷೆ) ಮಾಡಿಸಿ. ಬೇರೆ ಬಗೆ ಆಗಿದ್ದರೆ ಸಾಮಾನ್ಯವಾಗಿ ವರ್ಷ ಬಿಟ್ಟು ಮತ್ತೆ ಟೆಸ್ಟ್. ಆ ದಿನ ತಪ್ಪಿಸಬೇಡಿ. ವೈರಸ್ಸಿಗೆ ಮಾತ್ರೆ ಇಲ್ಲ, ಆದರೆ ಕೆಟ್ಟ ಜೀವಕೋಶ ಕಂಡರೆ ಕ್ಯಾನ್ಸರ್ ಆಗುವ ಮೊದಲೇ ತೆಗೆಯಬಹುದು. ಬೀಡಿ ಸಿಗರೇಟು ಸೇದುತ್ತಿದ್ದರೆ ಬಿಡಿ, ಅದು ಸೋಂಕು ಉಳಿಯಲು ನೆರವಾಗುತ್ತದೆ. ಮಕ್ಕಳನ್ನು ಅಪ್ಪಿಕೊಳ್ಳಿ, ಒಟ್ಟಿಗೆ ಊಟ ಮಾಡಿ, ಏನೂ ಆಗುವುದಿಲ್ಲ.

ಪ್ರಶ್ನೆ: ಮೇಡಂ, ಈಜುಕೊಳಕ್ಕೆ ಹೋಗಿ ಬಂದ ಮೇಲೆ ಅಂಗಾಲಲ್ಲಿ ಗಂಟಿನಂಥದ್ದು ಎದ್ದಿದೆ. ಇದೂ ಎಚ್‌ಪಿವಿ ಅಂದರು. ನನ್ನ ಹೆಂಡತಿಗೆ ಇದರಿಂದ ಕ್ಯಾನ್ಸರ್ ಬರುತ್ತಾ?

ಉತ್ತರ: ಇಲ್ಲ. ಅಂಗಾಲಿನ ನರಹುಲಿ 1, 2, 4ನೇ ಬಗೆಯಂಥವುಗಳಿಂದ ಬರುತ್ತದೆ. ಗರ್ಭಕಂಠಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೆ ಇದು ಒದ್ದೆ ನೆಲದಿಂದ ತಗಲಬಹುದು, ಅದಕ್ಕೇ ಈಜುಕೊಳ, ಸಾಮೂಹಿಕ ಸ್ನಾನದ ಮನೆಯಲ್ಲಿ ಚಪ್ಪಲಿ ಹಾಕಿಕೊಳ್ಳಿ. ಅದು ಆಣಿಯಾ ನರಹುಲಿಯಾ ಅಂತ ನೋಡಲು ಬೆಳಕಲ್ಲಿ ಗಮನಿಸಿ: ನರಹುಲಿಯಲ್ಲಿ ಸಣ್ಣ ಕಪ್ಪು ಚುಕ್ಕೆ ಇರುತ್ತದೆ, ಚರ್ಮದ ಗೆರೆಗಳು ಅಲ್ಲಿಗೆ ಬಂದು ತುಂಡಾಗುತ್ತವೆ, ಎರಡು ಪಕ್ಕದಿಂದ ಹಿಂಡಿದರೆ ನೋಯುತ್ತದೆ. ಬ್ಲೇಡ್‌ನಲ್ಲಿ ಕೆರೆಯಬೇಡಿ, ಹರಡುತ್ತದೆ. ಸ್ಯಾಲಿಸಿಲಿಕ್ ಆಸಿಡ್ ಹಚ್ಚಬಹುದು, ವಾರಗಟ್ಟಲೆ ತಾಳ್ಮೆ ಬೇಕು. ಸಕ್ಕರೆ ಕಾಯಿಲೆ ಇದ್ದರೆ ನೀವಾಗಿ ಏನೂ ಹಚ್ಚಬೇಡಿ. ಆ ಔಷಧಿಯನ್ನು ಜನನಾಂಗದ ನರಹುಲಿಗೆ ಯಾವತ್ತೂ ಹಚ್ಚಬಾರದು.

ಪ್ರಶ್ನೆ: ಕಾಂಡೋಮ್ ಬಳಸಿದರೆ ಪೂರ್ತಿ ರಕ್ಷಣೆ ಅಲ್ವಾ?

ಉತ್ತರ: ಪೂರ್ತಿ ಅಲ್ಲ, ಅದು ಮುಚ್ಚದ ಚರ್ಮದಿಂದಲೂ ವೈರಸ್ ದಾಟುತ್ತದೆ. ಆದರೂ ಅಪಾಯ ಕಡಿಮೆ ಮಾಡುತ್ತದೆ, ಎಚ್‌ಐವಿಯಂಥವನ್ನೂ ತಡೆಯುತ್ತದೆ. ಖಂಡಿತ ಬಳಸಿ.

ಪ್ರಶ್ನೆ: ನಮ್ಮಕ್ಕನಿಗೆ 52. ಡಾಕ್ಟರ ಹತ್ತಿರ ಹೋಗಲು ನಾಚಿಕೆ. ಮನೆಯಲ್ಲೇ ಸ್ಯಾಂಪಲ್ ತೆಗೆಯುವ ಟೆಸ್ಟ್ ಆಗುತ್ತಾ? ಮುಟ್ಟು ನಿಂತು ಮೂರು ವರ್ಷವಾಗಿದೆ, ಆಗೊಮ್ಮೆ ಈಗೊಮ್ಮೆ ಸ್ವಲ್ಪ ಕಲೆ ಕಾಣುತ್ತದೆ ಅಂತಾಳೆ.

ಉತ್ತರ: ಏನೂ ತೊಂದರೆ ಇಲ್ಲದವರಿಗೆ ಆ ಟೆಸ್ಟ್ ತುಂಬಾ ಒಳ್ಳೆಯದು. ಸ್ವಾಬ್‌ನಿಂದ ತಾವೇ ಸ್ಯಾಂಪಲ್ ತೆಗೆದುಕೊಡಬಹುದು. ಆದರೆ ನಿಮ್ಮ ಅಕ್ಕನಿಗೆ ಅದು ಸಾಲದು. ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಒಂದು ಹನಿಯಾದರೂ, ವೈದ್ಯರು ಪರೀಕ್ಷೆ ಮಾಡಿಯೇ ನೋಡಬೇಕು. ಸಂಪರ್ಕದ ನಂತರ ರಕ್ತ ಬಂದರೂ ಹಾಗೇ. ಕಾರಣ ಸಣ್ಣದೇ ಇರಬಹುದು, ಆದರೆ ಕಾಯಬೇಡಿ. ವೈದ್ಯೆಯೇ ಬೇಕು ಅಂತ ಮೊದಲೇ ಕೇಳಿಕೊಳ್ಳಿ, ಒಳಗೆ ಹೋಗುವಾಗ ನೀವೂ ಜೊತೆಗಿರಿ. ಈ ವಾರವೇ ಕರೆದುಕೊಂಡು ಹೋಗಿ.